ಕಬ್ಬಿಣಕ್ಕೆ ಅಮ್ಮ ಇಟ್ಟ ಹೆಸರು

ತಾಶ್-ಕೆಚೂ, ನಾರಿನ್ ಕಣಿವೆ
14 ಅಕ್ಟೋಬರ್ 2018

ಮಗಳು ಜಿಪಾರ್‌ಗೆ,

ನಿನ್ನ ಕಾಗದ, ಅದರ ಜೊತೆ ನೀನು ಕಳಿಸಿದ ಹಸಿರು ಪೆನ್ನು, ಎರಡೂ ಶನಿವಾರ ಸಿಕ್ಕವು. ವ್ಯಾನಿನ ಜೊಲ್ದೋಶ್ ಬಾಗಿಲಿಗೇ ತಂದುಕೊಟ್ಟ. "ಫೋನ್ ಇರೋ ಕಾಲದಲ್ಲಿ ಕಾಗದ ಬರೀತಾಳಲ್ಲ ಮೇಷ್ಟ್ರೇ, ಮಗಳೇನು ಜೈಲಲ್ಲಿದ್ದಾಳಾ?" ಎಂದ. ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ತಪ್ಪಾಗಿ ಕೇಳಿಸುತ್ತದೆ ಎಂದೆ. ಅದು ಅವನಿಗೂ ಕೇಳಿಸಲಿಲ್ಲ. ಇಂಜಿನ್ ಓಡುತ್ತಿತ್ತು.

ನಾನು ಅರ್ಥಮಾಡಿಕೊಂಡದ್ದು ಸರಿಯೇ ನೋಡು. ಬಿಷ್ಕೆಕ್‌ನಲ್ಲಿ ನರ್ಸಿಂಗ್ ಸ್ನಾತಕೋತ್ತರ ಓದುತ್ತಿರುವ ನೀವು ನಾಲ್ವರು ಪ್ರತಿ ಗುರುವಾರ ಗ್ರಂಥಾಲಯದ ಮೂಲೆಯ ಮೇಜಿನ ಸುತ್ತ ಕೂರುತ್ತೀರಿ. ಪ್ರಾಧ್ಯಾಪಕರು ಯಾರೂ ಇರುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ, ಬರೆದವರು ಆಗ ಬಾಯಿ ತೆರೆಯುವಂತಿಲ್ಲ. ಯಾವ ವಾಕ್ಯದಲ್ಲಿ ಕೆಲಸ ನಡೆದಿದೆ ಆದರೆ ಮಾಡಿದವರು ಕಾಣುವುದಿಲ್ಲವೋ ಅದರ ಕೆಳಗೆ ಹಸಿರು ಗೆರೆ ಎಳೆಯುತ್ತೀರಿ. ಜೊತೆಗೆ ಪ್ರತಿಯೊಬ್ಬರಿಗೂ ನರ್ಸ್ ಅಲ್ಲದ ಒಬ್ಬ ಹೊರಗಿನ ಓದುಗ ಬೇಕು. ನೀವು ಬರೆದದ್ದನ್ನು ಅವನಿಗೆ ಸರಳವಾಗಿ ತಿಳಿಸಿ ಬರೆಯಬೇಕು. ಅವನ ಉತ್ತರವನ್ನೂ ಗುರುವಾರ ಮೇಜಿನ ಮೇಲೆ ಓದುತ್ತೀರಿ. ನಿನ್ನ ಹೊರಗಿನ ಓದುಗ ನಾನು.

ಒಪ್ಪಿದೆ. ಮೂವತ್ತೆರಡು ವರ್ಷ ಈ ಕಣಿವೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವನು, ಈಗ ಹಸುವಿನ ಜೊತೆ ಬಿಟ್ಟರೆ ಮಾತಾಡಲು ಯಾರೂ ಇಲ್ಲ. ಆದರೆ ಆ ಹಸಿರು ಗೆರೆಯ ವಿಷಯದಲ್ಲಿ ನನ್ನ ತಕರಾರಿದೆ. ಕಾಲೇಜಿನಲ್ಲಿ ನಮಗೆ ಪ್ಯಾಸಿವ್ ವಾಯ್ಸ್ ಕಲಿಸಿದ ಮೇಡಂ ಅದನ್ನು ಸಭ್ಯರ ಪ್ರಯೋಗ ಎನ್ನುತ್ತಿದ್ದರು. "ದಿ ವಿಂಡೋ ವಾಸ್ ಬ್ರೋಕನ್." ಕಿಟಕಿ ಒಡೆಯಲಾಯಿತು. ಒಡೆದವನ ಮಾನ ಉಳಿಯಿತು. ಎಷ್ಟು ಚೆಂದ! ಇಂಗ್ಲಿಷಿನಲ್ಲಿ ಬಹಳಷ್ಟು ಮರೆತೆ, ಇದನ್ನು ಮಾತ್ರ ಮರೆತಿಲ್ಲ.

ಇನ್ನು ನಿನ್ನ ಪ್ರಬಂಧದ ವಿಷಯ. ಒಂದು ಪಾಳಿಯ ನರ್ಸ್ ಮುಂದಿನ ಪಾಳಿಯವಳಿಗೆ ರೋಗಿಗಳನ್ನು ಒಪ್ಪಿಸುವಾಗ ಆಗುವ ತಪ್ಪುಗಳು, ಎಂದು ಬರೆದಿದ್ದೀಯ. ನಿನ್ನಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದಳು ಎಂದೂ ಬರೆದಿದ್ದೀಯ. ಇರಬಹುದು. ಇಲ್ಲಿ ಚಳಿ ಬೇಗ ಬಂದಿದೆ. ಮೊಸರು ಹಿಂಡಿ ಉಂಡೆ ಕಟ್ಟಿ ಕುರುತ್ ಒಣಗಿಸಿದ್ದೇನೆ, ಉಪ್ಪು ಸ್ವಲ್ಪ ಹೆಚ್ಚಾಯಿತು. ಆದರೂ ಕಳಿಸುತ್ತೇನೆ.

ಕಾಗದದ ಕೊನೆಯಲ್ಲಿ ಅಪರಿಚಿತರಿಗೆ "ಯುವರ್ಸ್ ಫೇತ್‌ಫುಲಿ", ಪರಿಚಿತರಿಗೆ "ಸಿನ್ಸಿಯರ್ಲಿ" ಎಂದು ಪುಸ್ತಕದಲ್ಲಿತ್ತು. ಮಗಳಿಗೆ ಏನು ಬರೆಯಬೇಕೆಂದು ಇರಲಿಲ್ಲ.

ನಿನ್ನ ತಂದೆ,
ಸುಯುನ್‌ಬೆಕ್

*

ಬಿಷ್ಕೆಕ್
2 ನವೆಂಬರ್ 2018

ಪ್ರೀತಿಯ ಅತಾ,

ಕುರುತ್ ಗುರುವಾರವೇ ಖಾಲಿ. ಉಪ್ಪು ಜಾಸ್ತಿ ಎಂದು ನಾಲ್ವರೂ ಹೇಳಿದೆವು, ನಾಲ್ವರೂ ತಿಂದೆವು.

ಈ ಸಲ ನನ್ನ ಪುಟಗಳ ಸರದಿ. ಮೊದಲ ಅಧ್ಯಾಯವನ್ನು ಅಮ್ಮನಿಂದ ಶುರುಮಾಡಿದ್ದೆ. ಮದ್ದು ಕೊಡುವ ಮುಂಚೆ ರೋಗಿಯ ಬಾಯಿಂದಲೇ ಅವನ ಪೂರ್ತಿ ಹೆಸರು ಹೇಳಿಸುತ್ತಿದ್ದಳಲ್ಲ, ಅದರಿಂದ. ಸ್ವಂತ ಅಣ್ಣ ಮಲಗಿದ್ದಾಗಲೂ ಮಂಚದ ಮುಂದೆ ನಿಂತು "ನಿಮ್ಮ ಹೆಸರೇನು?" ಎಂದು ಕೇಳಿದ್ದಳಂತೆ. ಸೋದರಮಾವ ಅದನ್ನು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು. ಆಮೇಲೆ ಇನ್ನೊಂದು ಪ್ಯಾರಾ. ಇಂಥ ಅಮ್ಮನೇ ಮನೆಯಲ್ಲಿ ಮಾತ್ರ ಹೆಸರು ಹೇಳದ ಸೊಸೆಯಾಗಿದ್ದಳು, ಅಜ್ಜನ ಹೆಸರು ತೆಮಿರಾಲಿ ಆದ್ದರಿಂದ ಕಬ್ಬಿಣಕ್ಕೆ ತೆಮಿರ್ ಎನ್ನದೆ ಉಕ್ಕಿನ ಹೆಸರು ಹಿಡಿದು ಬೊಲೊತ್ ಎನ್ನುತ್ತಿದ್ದಳು, ನಾನು ಶಾಲೆಗೆ ಹೋಗುವವರೆಗೆ ಕಬ್ಬಿಣವೂ ಉಕ್ಕೂ ಒಂದೇ ಎಂದುಕೊಂಡಿದ್ದೆ ಎಂದು. "ನನ್ನ ತಾಯಿ ಮಾವನಿಗೆ ತೆರ್ಗೋ ಮಾಡುತ್ತಿದ್ದಳು" ಎಂದು ಆ ಪ್ಯಾರಾ ಮುಗಿಸಿದ್ದೆ.

ಓದುತ್ತಿದ್ದವಳು ಲಿರಾ. ಬಿಷ್ಕೆಕ್‌ನಲ್ಲೇ ಹುಟ್ಟಿದವಳು, ಮನೆಮಾತು ರಷ್ಯನ್. ಅಲ್ಲಿಗೆ ಬಂದು ನಿಂತಳು.

"ತೆರ್ಗೋ ಅಂದ್ರೆ ವಿಚಾರಣೆ ಅಲ್ವಾ? ನಿಮ್ಮಮ್ಮ ಮಾವನ ಮೇಲೆ ಕೇಸ್ ಹಾಕಿದ್ರಾ?"

ನಾನು ಬಾಯಿ ತೆರೆಯುವಂತಿಲ್ಲ. ಎಮಿಲ್‌ಗೆ ನಗು ತಡೆಯಲಾಗಲಿಲ್ಲ. "ನಿನ್ನಂಥ ಪೇಟೆಯವಳಿಗೆ ಪೊಲೀಸರ ತೆರ್ಗೋ ಒಂದೇ ಗೊತ್ತು ಬಿಡು. ಗಂಡನ ಕಡೆ ಹಿರಿಯರ ಹೆಸರು ಬಾಯಲ್ಲಿ ತರದೆ ಬೇರೆ ಹೆಸರಿಡೋದಕ್ಕೂ ಅದೇ ಮಾತು. ನೀನು ಮದ್ವೆಯಾದ್ಮೇಲೆ ಗೊತ್ತಾಗತ್ತೆ, ನನ್ನ ಅಣ್ಣನಿಗೇನಾದ್ರೂ ನಿನ್ನ ಕೊಟ್ರೆ." ನಾಜಿರಾ ಎಜೆ ಇಬ್ಬರಿಗೂ ಸುಮ್ಮನಿರಲು ಹೇಳಿದಳು. ನಮ್ಮೊಳಗೆ ಅವಳೇ ಹಿರಿಯಳು, ಎಲ್ಲರಿಗೂ ಅಕ್ಕ, ಎರಡು ಮಕ್ಕಳ ತಾಯಿ.

ಆದರೆ ಅತಾ, ಕೊನೆಗೆ ನಾಜಿರಾ ಎಜೆ ಒಂದು ಮಾತು ಹೇಳಿದಳು: "ಈ ಎರಡು ಪ್ಯಾರಾಗಳ ನಡುವೆ ಒಂದು ತೂತಿದೆ. ಮನೇಲಿ ಹೆಸರು ನುಂಗೋ ಹೆಂಗಸು ಆಸ್ಪತ್ರೇಲಿ ಯಾಕೆ ಎಲ್ಲರ ಹತ್ರ ಹೆಸರು ಹೇಳಿಸ್ತಾಳೆ? ಏನೋ ಆಗಿದೆ."

ಅಲ್ಲಿಂದ ನನಗೆ ಒಂದೇ ಯೋಚನೆ. ನಾನು ಏಳು ವರ್ಷದವಳಿದ್ದಾಗ ಅಮ್ಮ ಒಂದು ಸಂಜೆ ಆಸ್ಪತ್ರೆಯಿಂದ ಬಂದವಳೇ ಅಜ್ಜನ ಎದುರು ನಿಂತು "ತೆಮಿರಾಲಿ" ಎಂದಳು. ಅಜ್ಜಿಯ ಕೈಯಿಂದ ಚಹದ ಬಟ್ಟಲು ಬಿತ್ತು. "ಮಾವನ ಹೆಸರು ಹಿಡಿದವಳು" ಎಂದು ಅಜ್ಜಿ ಕೊನೆಯವರೆಗೂ ಚುಚ್ಚುತ್ತಿದ್ದರು. ಆವತ್ತು ಅಮ್ಮ ಯಾಕೆ ಹಾಗೆ ಹೇಳಿದಳು? ನಿಮಗೆ ಗೊತ್ತಿರಬೇಕು. ಮೇ ತಿಂಗಳಲ್ಲಿ ಪ್ರಬಂಧ ಒಪ್ಪಿಸಬೇಕು. ತೂತು ಇಟ್ಟುಕೊಂಡು ಒಪ್ಪಿಸಲಾರೆ.

ನಿಮ್ಮ ಮಗಳು,
ಜಿಪಾರ್

*

ತಾಶ್-ಕೆಚೂ
20 ನವೆಂಬರ್ 2018

ಮಗಳು ಜಿಪಾರ್‌ಗೆ,

ಹಿಮ ಮೊಣಕಾಲುದ್ದ ಬಿದ್ದಿದೆ. ಹಸು ಒಳಗೇ ಇದೆ, ನಾನೂ ಒಳಗೇ ಇದ್ದೇನೆ. ಇಬ್ಬರಿಗೂ ಒಬ್ಬರನ್ನೊಬ್ಬರು ನೋಡಿ ಸಾಕಾಗಿದೆ.

ನಿನ್ನಮ್ಮನ ಬೊಲೊತ್ ಬಗ್ಗೆ ಬರೆದಿದ್ದೀಯ. ಇನ್ನೂ ಎರಡು ಕೇಳು, ಬೇಕಾದರೆ ಸೇರಿಸಿಕೋ. ಮದುವೆ ನೋಂದಣಿಯಲ್ಲಿ ಗುಮಾಸ್ತೆ ಗಂಡನ ಪೂರ್ತಿ ಹೆಸರು ಕೇಳಿದಳು. ನನ್ನ ಪೂರ್ತಿ ಹೆಸರಿನಲ್ಲಿ ತೆಮಿರಾಲಿಯ ಮಗ, ತೆಮಿರಾಲಿ ಉಲು, ಎಂದು ಅಪ್ಪನ ಹೆಸರಿದೆಯಲ್ಲ, ನಿನ್ನಮ್ಮ ಬುರ್ಮಾಕಾನ್ ನೆಲ ನೋಡುತ್ತಾ ನಿಂತಳು. "ಹೆಸರೇ ಗೊತ್ತಿಲ್ದೋನನ್ನ ಮದ್ವೆ ಆಗ್ತಿದ್ದೀಯೇನಮ್ಮಾ?" ಎಂದಳು ಆಕೆ. ಇನ್ನೊಂದು ಸಲ, ನೀನು ಹುಟ್ಟುವ ಮುಂಚೆ, ಬಾಲಿಕ್ಚಿಯಲ್ಲಿ ರೈಲ್ವೆ ನಿಲ್ದಾಣ ಎಲ್ಲಿ ಎಂದು ಕೇಳಬೇಕಿತ್ತು. ರೈಲಿಗೆ ನಾವು ಕಬ್ಬಿಣದ ದಾರಿ ಎನ್ನುತ್ತೇವೆ, ಅಲ್ಲೂ ತೆಮಿರ್ ಬಂತು. ಇವಳು ದಾರಿಹೋಕನಿಗೆ "ಅಣ್ಣಾ, ಉಕ್ಕಿನ ದಾರಿ ಎಲ್ಲಿದೆ?" ಎಂದಳು. ಅವನು ಕಾರ್ಖಾನೆ ತೋರಿಸಿದ. ಎರಡು ಮೈಲಿ ನಡೆದೆವು. ರೈಲು ತಪ್ಪಿತು. ದಾರಿಯುದ್ದಕ್ಕೂ ನಾನು ಬೈದೆ, ಅವಳು ನಕ್ಕಳು. ಆ ನಗು ಒಂದು ಥರ ಇತ್ತು. ಇರಲಿ, ಎಲ್ಲಿಗೋ ಹೋದೆ.

ನೀನು ಕೇಳಿದ್ದಕ್ಕೆ ಹೇಳುವುದು ಇಷ್ಟೇ. ಆ ಪ್ಯಾರಾ ತೆಗೆದುಬಿಡು. ಅದನ್ನೆಲ್ಲ ಆಗಲೇ ಮುಗಿಸಲಾಗಿದೆ. ಆಸ್ಪತ್ರೆಯಲ್ಲಿ ವಿಚಾರಣೆ ನಡೆಸಲಾಯಿತು. ಹೇಳಿಕೆಯನ್ನು ಬರೆದು ಕೊಡಲಾಯಿತು. ಬೇಕಾದ ಕ್ರಮ ಕೈಗೊಳ್ಳಲಾಯಿತು. ಇಪ್ಪತ್ತು ವರ್ಷದ ಹಿಂದಿನದನ್ನು ಕೆದಕಿದರೆ ತೀರಿಕೊಂಡವರ ಹೆಸರಿಗೆ ಮಸಿ, ನಿನ್ನ ಡಿಗ್ರಿಗೆ ಏನೂ ಲಾಭವಿಲ್ಲ. ಅಮ್ಮ ಒಳ್ಳೆಯ ನರ್ಸ್ ಆಗಿದ್ದಳು ಎಂದು ಬರೆ. ಅದು ನಿಜ.

ಬೆಚ್ಚಗೆ ಉಟ್ಟುಕೋ. ಬಿಷ್ಕೆಕ್ ಚಳಿ ಒದ್ದೆ ಚಳಿ, ನಮ್ಮದರಂತಲ್ಲ.

ನಿನ್ನ ತಂದೆ

*

ಬಿಷ್ಕೆಕ್
9 ಡಿಸೆಂಬರ್ 2018

ಅತಾ,

ನಿಮ್ಮ ಕಾಗದವನ್ನು ಈ ಗುರುವಾರ ಎಮಿಲ್ ಗಟ್ಟಿಯಾಗಿ ಓದಿದ. ಉಕ್ಕಿನ ದಾರಿಗೆ ಎಲ್ಲರೂ ನಕ್ಕರು. ಆಮೇಲೆ ಕೊನೆಯ ಭಾಗಕ್ಕೆ ಬಂದಾಗ ಅವನ ದನಿ ಸಣ್ಣದಾಯಿತು.

ಕಾಗದವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಹಸಿರು ಗೆರೆಗಳು ನಾಲ್ಕು. ಇಷ್ಟುದ್ದದ ಕಾಗದದಲ್ಲಿ ಬೇರೆಲ್ಲೂ ಇಲ್ಲ. ಹಸುವಿನ ಬಗ್ಗೆ, ಗುಮಾಸ್ತೆಯ ಬಗ್ಗೆ, ರೈಲಿನ ಬಗ್ಗೆ ಬರೆಯುವಾಗ ಯಾರು ಏನು ಮಾಡಿದರು ಎಂದು ನಿಮಗೆ ಚೆನ್ನಾಗಿ ಗೊತ್ತು. ಆ ನಾಲ್ಕು ಸಾಲುಗಳಲ್ಲಿ ಮಾತ್ರ ಮನುಷ್ಯರೇ ಇಲ್ಲ.

ಮತ್ತೆ ಅತಾ, ನಾನು ವಿಚಾರಣೆಯ ಬಗ್ಗೆ ಕೇಳಿರಲೇ ಇಲ್ಲ. ಅಮ್ಮ ಒಂದು ಹೆಸರು ಯಾಕೆ ಹೇಳಿದಳು ಎಂದು ಕೇಳಿದ್ದೆ. ವಿಚಾರಣೆ ಆಗಿತ್ತು ಎಂದು ಹೇಳಿದವರು ನೀವು. ತೆರ್ಗೋ ಎಂದರೆ ವಿಚಾರಣೆ ಎಂದು ತಪ್ಪಾಗಿ ಕೇಳಿದವಳು ಲಿರಾ. ಅವಳೇ ಸರಿಯಾಗಿ ಕೇಳಿದ್ದಳು.

ನಡೆಸಿದವರು ಯಾರು? ಬರೆದವರು ಯಾರು? ಕೈಗೊಂಡವರು ಯಾರು, ಯಾರ ಮೇಲೆ?

ಜಿಪಾರ್

*

ತಾಶ್-ಕೆಚೂ
17 ಜನವರಿ 2019

ಜಿಪಾರ್,

ಐದು ವಾರ ನಿನಗೆ ಬರೆಯಲಿಲ್ಲ. ಮೂರು ಸಲ ಕೂತೆ. ಮೂರು ಸಲವೂ ಹಿಮದ ಬಗ್ಗೆ ಬರೆದು ಒಲೆಗೆ ಹಾಕಿದೆ. ನಿನ್ನೆ ಬುರ್ಮಾಕಾನಳ ಸಮಾಧಿಯ ಮೇಲಿನ ಹಿಮ ತೆಗೆದು ಬಂದೆ. ಇವತ್ತು ಬರೆಯುತ್ತೇನೆ.

1999ರ ಏಪ್ರಿಲ್. ಆಸ್ಪತ್ರೆಗೆ ಛಾಪಿಸಿದ ಪಟ್ಟಿಗಳು ಬರುವುದು ನಿಂತಿತ್ತು. ನನ್ನ ಶಾಲೆಯ ಹಳೆಯ ಇಂಗ್ಲಿಷ್ ಪರೀಕ್ಷೆಯ ಹಾಳೆಗಳನ್ನು ನಾನೇ ಕಟ್ಟು ಕಟ್ಟಿ ಕೊಟ್ಟಿದ್ದೆ, ನರ್ಸುಗಳು ಅವುಗಳ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದರು. ನಿನ್ನಮ್ಮನ ವಾರ್ಡಿನಲ್ಲಿ ತೆಮಿರ್‌ಕುಲ್ ಎಂಬ ಮುದುಕ ಕುರುಬ ಮಲಗಿದ್ದ, ಸಕ್ಕರೆ ಕಾಯಿಲೆ. ಆ ಹೆಸರು ಅವಳ ಬಾಯಲ್ಲಿ ಬರುವಂತಿರಲಿಲ್ಲ. ಬಾಯಲ್ಲಿ ಬಾರದ್ದು ಅವಳ ಕೈಯಲ್ಲೂ ಬರುತ್ತಿರಲಿಲ್ಲ. ಅವನನ್ನು ಗೌರವದಿಂದ ಬೊಲೊತ್ ಅಕೆ ಎನ್ನುತ್ತಿದ್ದಳು. ಪಕ್ಕದ ಮಂಚದಲ್ಲಿ ನಿಜವಾಗಿ ಬೊಲೊತ್ ಎಂಬ ಹೆಸರಿನ ಲಾರಿ ಚಾಲಕ ಇದ್ದ, ಅವನಿಗೂ ಅದೇ ಕಾಯಿಲೆ. ಅವನನ್ನು ಚಾಲಕ ಎನ್ನುತ್ತಿದ್ದಳು. ವಾರ್ಡಿನವರಿಗೆಲ್ಲ ಇದು ಗೊತ್ತಿತ್ತು, ನಕ್ಕು ಸರಿಮಾಡಿಕೊಳ್ಳುತ್ತಿದ್ದರು.

ಗೊತ್ತಿಲ್ಲದವಳು ಒಬ್ಬಳೇ. ಕಲ್ಬೂಬು. ಬಾಲಿಕ್ಚಿಯಿಂದ ಬಂದು ಆರು ದಿನವಾಗಿತ್ತು, ಇಪ್ಪತ್ತೆರಡು ವರ್ಷ, ಮದುವೆಯಾಗಿರಲಿಲ್ಲ. ಮಾವ, ಮೈದುನ, ತೆರ್ಗೋ, ಯಾವುದೂ ಅವಳಿಗೆ ಸೋಕಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ನಿನ್ನಮ್ಮ ಪಾಳಿ ಮುಗಿಸಿ ಅವಳಿಗೆ ವಾರ್ಡು ಒಪ್ಪಿಸಿದಳು. ಚೀಟಿಯಲ್ಲಿ ಬರೆದಿದ್ದಳು: "ಬೊಲೊತ್ ಅಕೆಗೆ ಇನ್ಸುಲಿನ್ ಕೊಟ್ಟಿದ್ದೇನೆ. ಇನ್ನೊಬ್ಬರಿಗೆ ನೀನು ಕೊಡು." ಬಾಯಲ್ಲೂ ಅದನ್ನೇ ಹೇಳಿದಳು. ಕಲ್ಬೂಬು ಚೀಟಿಯಲ್ಲಿದ್ದಂತೆಯೇ ಮಾಡಿದಳು. ಬೊಲೊತ್‌ನನ್ನು ಬಿಟ್ಟು ತೆಮಿರ್‌ಕುಲ್‌ಗೆ ಚುಚ್ಚಿದಳು. ಅವನಿಗೆ ಅದು ಎರಡನೆಯ ಸಲ. ಊಟ ಬೇಡವೆಂದು ಮಲಗಿದ್ದ, ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದ್ದನ್ನು ನಿದ್ದೆ ಎಂದುಕೊಂಡರು. ಮಧ್ಯಾಹ್ನ ತೀರಿಕೊಂಡ.

ನಿನ್ನಮ್ಮನನ್ನು ಕರೆಸಿದರು. ಅವಳಿಗೆ ಚೀಟಿ ನೋಡುತ್ತಲೇ ತಿಳಿಯಿತು. ಸಂಜೆ ಮನೆಗೆ ಬಂದಳು, ಬೂಟು ಬಿಚ್ಚಲಿಲ್ಲ, ನೇರ ನನ್ನ ಅಪ್ಪನ ಎದುರು ನಿಂತಳು. "ತೆಮಿರಾಲಿ," ಎಂದಳು. "ತೆಮಿರ್. ತೆಮಿರ್. ನೋಡಿ, ಹೇಳೋಕೆ ಬರತ್ತೆ ನನಗೆ. ನಾಲಿಗೆ ಬಿದ್ದುಹೋಗ್ಲಿಲ್ಲ." ನೀನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿರಬೇಕು. ಅಷ್ಟರಲ್ಲಿ ಬಟ್ಟಲು ಬಿದ್ದು ಅಜ್ಜಿ ಕಿರುಚಲು ಶುರುಮಾಡಿದರು.

ಮಾರನೆಯ ದಿನ ಹೇಳಿಕೆ ಬರೆದುಕೊಡಬೇಕಿತ್ತು. ಅವಳು ಪೆನ್ನು ಹಿಡಿದು ಕೂತಳು. ನಾನು ಪೆನ್ನು ಕಸಿದುಕೊಂಡೆ. ನಾನು ಭಾಷೆಯ ಮೇಷ್ಟ್ರು ತಾನೇ. ಹೀಗೆ ಬರೆದೆ: "ಪಾಳಿ ಬದಲಾವಣೆಯ ವೇಳೆ ಮಾಹಿತಿಯನ್ನು ಲಿಖಿತವಾಗಿ ಹಾಗೂ ಮೌಖಿಕವಾಗಿ ನೀಡಲಾಗಿತ್ತು. ಸದರಿ ಮಾಹಿತಿಯನ್ನು ಸರಿಯಾಗಿ ಗ್ರಹಿಸಲಾಗಿಲ್ಲ. ಔಷಧವನ್ನು ಪುನಃ ನೀಡಲಾಯಿತು." ಮೂರೇ ವಾಕ್ಯ. ಒಂದೂ ಸುಳ್ಳಲ್ಲ. ಬೊಲೊತ್ ಎಂದರೆ ಯಾರು ಎಂಬುದು ಎಲ್ಲೂ ಇಲ್ಲ. ಹಿಂದಿನ ದಿನ ವಾರ್ಡಿನಲ್ಲಿ ನೋಡಲು ತೆಗೆದುಕೊಂಡ ಚೀಟಿ ಬುರ್ಮಾಕಾನಳ ಕೋಟಿನ ಜೇಬಿನಲ್ಲೇ ಉಳಿದಿತ್ತು. ಅದನ್ನು ನಾನು ಒಲೆಗೆ ಹಾಕಿದೆ.

ಬುರ್ಮಾಕಾನ್ ಓದಿ ಕೇಳಿದಳು: "ಇದರಲ್ಲಿ ನಾನೇ ಇಲ್ವಲ್ಲ?"

"ಅದೇ ಅದರ ಚೆಂದ," ಎಂದೆ. "ಜಿಪಾರ್‌ಗೆ ಏಳು ವರ್ಷ. ಸಹಿ ಹಾಕು."

ಹಾಕಿದಳು. ವಿಚಾರಣೆಗೆ ಬಂದವರು ಹೇಳಿಕೆ ಓದಿದರು. ಕರ್ತೃ ಇಲ್ಲದ ಕಾಗದದಲ್ಲಿ ಕಣ್ಣಿಗೆ ಕಾಣುವ ಕೈ ಒಂದೇ ಒಂದು, ಸೂಜಿ ಹಿಡಿದದ್ದು. ಕಲ್ಬೂಬುವನ್ನು ಕೆಲಸದಿಂದ ತೆಗೆದರು. ಪ್ರಮಾಣಪತ್ರವನ್ನೂ ಕಿತ್ತುಕೊಂಡರು. ಅವಳು ರಷ್ಯಾಗೆ ಹೋದಳು ಎಂದು ಕೇಳಿದೆ.

ಆಮೇಲಿನ ಹದಿನಾರು ವರ್ಷ, ತೀರಿಕೊಳ್ಳುವವರೆಗೂ, ನಿನ್ನಮ್ಮ ನನ್ನ ಕೈಯಲ್ಲಿ ಒಂದಕ್ಷರ ಬರೆಸಲಿಲ್ಲ, ಹಬ್ಬದ ಶುಭಾಶಯವನ್ನೂ. ಪ್ರತಿ ಚಳಿಗಾಲ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಬಾಲಿಕ್ಚಿಗೆ, ಕಲ್ಬೂಬುವಿನ ಮನೆಗೆ ಕಳಿಸುತ್ತಿದ್ದಳು, ಕಳಿಸಿದವರ ಹೆಸರಿಲ್ಲದೆ. ಆಸ್ಪತ್ರೆಯಲ್ಲಿ ಎಲ್ಲರ ಹೆಸರು ಕೇಳುತ್ತಿದ್ದದ್ದು ನಿನಗೆ ಗೊತ್ತೇ ಇದೆ.

ನಾನು ಇದನ್ನು ನಿನಗೆ ಹೇಳದೆ ಸಾಯಬೇಕೆಂದಿದ್ದೆ. ಈಗ ನಿನ್ನ ಕೈಯಲ್ಲಿದೆ. ಅಮ್ಮನ ಹೆಸರನ್ನು ನಾನು ಕಾಪಾಡಿದೆ ಎಂದು ನಂಬಿದ್ದೆ.

ಸುಯುನ್‌ಬೆಕ್

*

ಬಿಷ್ಕೆಕ್
3 ಫೆಬ್ರವರಿ 2019

ನಿಮ್ಮ ಕಾಗದವನ್ನು ಗುರುವಾರ ಮೇಜಿನ ಮೇಲೆ ಇಡಲಿಲ್ಲ. ಓದಲು ಏನೂ ತಂದಿಲ್ಲ ಎಂದೆ. ನಾಜಿರಾ ಎಜೆ ನನ್ನ ಮುಖ ನೋಡಿ ಚಹ ಬಗ್ಗಿಸಿದಳು.

ಬರೆದರೆ ಅಮ್ಮ ತಪ್ಪಿತಸ್ಥೆ. ಬರೆಯದಿದ್ದರೆ ನೀವು ಬರೆದ ಹೇಳಿಕೆಗೆ ನಾನು ಇನ್ನೂರು ಪುಟ ಸೇರಿಸಿದಂತೆ. ಕಾಲುಚೀಲಕ್ಕೆ ನೂಲು ಸುತ್ತಿಕೊಟ್ಟವಳು ನಾನೇ ಅತಾ, ಪ್ರತಿ ವರ್ಷ. ಯಾರಿಗೆ ಎಂದು ಕೇಳಿದರೆ "ಕಾಲು ತಣ್ಣಗಿರೋರಿಗೆ" ಎನ್ನುತ್ತಿದ್ದಳು.

ಕಲ್ಬೂಬು ಎಜೆ ಬದುಕಿದ್ದಾಳೆಯೇ? ನೀವು ಹುಡುಕಿ. ನಾನಲ್ಲ, ನೀವು.

ಜಿ.

*

ತಾಶ್-ಕೆಚೂ
12 ಮಾರ್ಚ್ 2019

ಜಿಪಾರ್,

ಹುಡುಕಿದೆ. ಬಾಲಿಕ್ಚಿಯಲ್ಲೇ ಇದ್ದಾಳೆ, ನಿಲ್ದಾಣದ ಹಿಂದಿನ ಓಣಿಯಲ್ಲಿ, ತಂಗಿಯ ಮನೆಯಲ್ಲಿ. ಮೂರು ವರ್ಷದ ಹಿಂದೆ ರಷ್ಯಾದಿಂದ ವಾಪಸಾದಳಂತೆ. ಅಲ್ಲಿ ವೃದ್ಧಾಶ್ರಮವೊಂದರಲ್ಲಿ ನೆಲ ಒರೆಸುತ್ತಿದ್ದಳಂತೆ. ಈಗ ಸರೋವರದ ಮೀನು ಒಣಗಿಸಿ ರಸ್ತೆ ಬದಿಯಲ್ಲಿ ಮಾರುತ್ತಾರೆ.

ನಾನು ಹೋದಾಗ ಅಂಗಳದಲ್ಲಿ ಕೂತು ಮೀನು ಸೀಳುತ್ತಿದ್ದಳು. ನಲವತ್ತೆರಡು ವರ್ಷ, ಐವತ್ತೈದರವಳಂತೆ ಕಂಡಳು. ಕಾಲಲ್ಲಿ ಬೂದು ಬಣ್ಣದ ಕಾಲುಚೀಲ. ಹೆಣಿಗೆ ಯಾರದೆಂದು ನನಗೆ ದೂರದಿಂದಲೇ ಗೊತ್ತಾಯಿತು. ನಾನು ಯಾರೆಂದು ಹೇಳಿದೆ.

"ಬನ್ನಿ ಮೇಷ್ಟ್ರೇ," ಎಂದಳು, ಚಾಕು ನಿಲ್ಲಿಸದೆ. "ಇಪ್ಪತ್ತು ವರ್ಷ ಬೇಕಾಯ್ತಾ ಬಾಗಿಲು ಸಿಗೋಕೆ? ವ್ಯಾನು ದಿನಾ ಇದೆಯಲ್ಲ."

ಕೂರಲು ಹೇಳಲಿಲ್ಲ. ನಿಂತೇ ಹೇಳಿದೆ. ಬೊಲೊತ್ ಎಂದರೆ ಯಾರು, ಯಾಕೆ ಹಾಗೆಂದಳು, ಚೀಟಿ ಎಲ್ಲಿ ಹೋಯಿತು, ಹೇಳಿಕೆ ಬರೆದದ್ದು ಯಾರ ಕೈ, ಎಲ್ಲ. ಚಾಕು ನಿಂತಿತು. ನನ್ನ ಕಿವಿಯ ಸಮಸ್ಯೆ ನಿನಗೆ ಗೊತ್ತು, ಆದರೆ ಆಮೇಲೆ ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಲಿಲ್ಲ.

"ನನಗೆ ಯಾರೂ ಹೇಳ್ಲಿಲ್ಲ. ವಿಚಾರಣೇಲೂ ಹೇಳ್ಲಿಲ್ಲ. ಚೀಟಿ ಎಲ್ಲಿ ಅಂದ್ರೆ ಕಳೆದ್ಹೋಗಿದೆ ಅಂದ್ರು. ನಾನೇ ತಪ್ಪಾಗಿ ಓದಿದೀನಿ ಅಂದ್ಕೊಂಡೆ ಮೇಷ್ಟ್ರೇ. ಇಪ್ಪತ್ತು ವರ್ಷ ಹಂಗೇ ಅಂದ್ಕೊಂಡೆ. ರಷ್ಯಾಗೆ ಹೋದ್ಮೇಲೆ ಮೊದ್ಲ ಸಂಬಳದಲ್ಲಿ ಕಣ್ಣು ತೋರಿಸ್ದೆ. ಕಣ್ಣು ಚೆನ್ನಾಗೇ ಇದೆಯಮ್ಮಾ ಅಂದ ಡಾಕ್ಟ್ರು. ನಾನು ನಂಬ್ಲಿಲ್ಲ. ಸಂತೇಲಿ ಒಂದು ಕನ್ನಡಕ ತಗೊಂಡು ಹಾಕ್ಕೊಂಡೆ. ಈಗ್ಲೂ ಮದ್ದಿನ ಡಬ್ಬಿ ಮೇಲಿರೋದನ್ನ ತಂಗಿ ಹತ್ರ ಓದಿಸ್ತೀನಿ, ನಾನು ಓದಲ್ಲ."

ನಾನು ಮಂಡಿಯೂರಲು ಹೋದೆ. "ಏಳಿ, ಏಳಿ, ಮೀನಿನ ನೀರಿದೆ ಅಲ್ಲಿ," ಎಂದಳು. ಕ್ಷಮಿಸು ಎಂದೆ.

"ಅದನ್ನ ಆಮೇಲೆ ನೋಡೋಣ. ಮೊದ್ಲು ಬರೀರಿ. ಆವತ್ತು ಮೂರು ಸಾಲು ಬರೆದ್ರಲ್ಲ, ಅದನ್ನೇ ತಿರುಗಿ ಬರೀರಿ. ನನ್ನ ಹೆಸರು ಹಾಕಿ, ಪೂರ್ತಿ, ಅಪ್ಪನ ಹೆಸರೂ ಸೇರಿಸಿ. 'ಕರ್ತವ್ಯದಲ್ಲಿದ್ದ ನರ್ಸ್' ಅಂತ ಇತ್ತು ಎಲ್ಲಾ ಕಡೆ. ನಂಗೊಂದು ಹೆಸರಿದೆ."

ನಿನ್ನ ಪ್ರಬಂಧದ ಬಗ್ಗೆ ಹೇಳಿದೆ. ಸ್ವಲ್ಪ ಯೋಚಿಸಿದಳು. "ಬುರ್ಮಾಕಾನ್ ಎಜೆ ಮಗಳಾ? ನರ್ಸಾದ್ಳಾ?" ಎಂದಳು. ಆಮೇಲೆ ನಾಲ್ಕು ಮೀನು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಳು. ನನಗೋ ನಿನಗೋ ಹೇಳಲಿಲ್ಲ. ನಿನಗೆ ಎಂದು ಕಳಿಸುತ್ತಿದ್ದೇನೆ.

ತಂದೆ

*

ಬಿಷ್ಕೆಕ್
6 ಏಪ್ರಿಲ್ 2019

ಅತಾ,

ನಿಮ್ಮ ಎರಡೂ ಕಾಗದಗಳನ್ನು ಕಳೆದ ತಿಂಗಳೇ ಒಂದು ಗುರುವಾರ ಮೇಜಿನ ಮೇಲಿಟ್ಟೆ. ಓದಿದವಳು ನಾಜಿರಾ ಎಜೆ. ಯಾರೂ ಪೆನ್ನು ಎತ್ತಲಿಲ್ಲ.

ಆಮೇಲೆ ಜಗಳವಾಯಿತು. ಸಂಶೋಧನೆಯ ನಿಯಮದಂತೆ ಯಾರ ಹೆಸರೂ ಬರೆಯುವಂತಿಲ್ಲ, ನರ್ಸ್ ಅ, ನರ್ಸ್ ಬ, ರೋಗಿ ಕ. ಅದು ಅವರ ರಕ್ಷಣೆಗೆ. ಎಮಿಲ್ ಮೇಜು ಕುಟ್ಟಿದ: "ಇದೂ ತೆರ್ಗೋನೇ ಅಲ್ವಾ? ಆಯಮ್ಮ ಕೇಳ್ತಿರೋದು ಒಂದು ಹೆಸರು. ಅದನ್ನೂ ನುಂಗ್ತೀವಾ?" ಲಿರಾ ಯಾವತ್ತೂ ಇಷ್ಟು ಮೆಲ್ಲಗೆ ಮಾತಾಡಿದ್ದು ನಾನು ನೋಡಿರಲಿಲ್ಲ. "ಕೇಳಿದವ್ರಿಗೆ ಕೊಡೋಣ. ಕೇಳದೇ ಇರೋವ್ರದ್ದು ಬಿಡೋಣ," ಎಂದಳು.

ಸಂಶೋಧನಾ ನೀತಿ ಸಮಿತಿಗೆ ಬರೆದೆವು, ನಾಲ್ವರೂ ಸಹಿ ಹಾಕಿ. ತಾನೇ ಲಿಖಿತವಾಗಿ ಕೇಳಿಕೊಂಡವರ ಹೆಸರು ಹಾಕಬಹುದು ಎಂದು ಉತ್ತರ ಬಂತು. ಮೊನ್ನೆ ಬಾಲಿಕ್ಚಿಗೆ ಹೋಗಿದ್ದೆ. ಒಪ್ಪಿಗೆಯ ಕಾಗದವನ್ನು ನಾನು ಓದಿ ಹೇಳಲು ಹೊರಟೆ. ಕಲ್ಬೂಬು ಎಜೆ ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಪಕ್ಕಕ್ಕಿಟ್ಟು, ಮೊದಲಿಂದ ಕೊನೆಯವರೆಗೆ ತಾನೇ ಓದಿದಳು. ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ. ಒಂದು ಕಡೆಯೂ ತಪ್ಪಲಿಲ್ಲ. ಸಹಿ ಹಾಕಿದಳು.

ಅಮ್ಮನ ಹೆಸರಿಗೆ ನಿಮ್ಮ ಸಹಿ ಬೇಕು. ಕಾಗದ ಇದರ ಜೊತೆಗಿದೆ. ನಾನು ತುಂಬಾ ಯೋಚಿಸಿದೆ. ಅಮ್ಮ "ಇದರಲ್ಲಿ ನಾನೇ ಇಲ್ವಲ್ಲ" ಎಂದಳಂತಲ್ಲ. ಅವಳನ್ನು ಅದರೊಳಗೆ ವಾಪಸು ಕರೆತರುತ್ತಿದ್ದೇನೆ ಎಂದುಕೊಳ್ಳುತ್ತೇನೆ.

ತಿರುಗಿ ಬರೆದ ಹೇಳಿಕೆಯ ಮೂರು ಪ್ರತಿ ಕಳಿಸಿ. ಒಂದು ಆರೋಗ್ಯ ಇಲಾಖೆಗೆ, ಒಂದು ಕಲ್ಬೂಬು ಎಜೆಗೆ, ಒಂದು ನಮ್ಮ ಮೇಜಿಗೆ.

ಜಿಪಾರ್

*

ತಾಶ್-ಕೆಚೂ
1 ಮೇ 2019

ಹೇಳಿಕೆ

ನಾನು ಸುಯುನ್‌ಬೆಕ್ ತೆಮಿರಾಲಿ ಉಲು, ನಿವೃತ್ತ ಶಿಕ್ಷಕ, ಬರೆಯುತ್ತಿದ್ದೇನೆ.

1999ರ ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಬುರ್ಮಾಕಾನ್ ತನ್ನ ರೋಗಿ ತೆಮಿರ್‌ಕುಲ್‌ಗೆ ಇನ್ಸುಲಿನ್ ಕೊಟ್ಟಳು. ನಮ್ಮ ಮನೆಯ ಪದ್ಧತಿಯಂತೆ ಅವಳು ಅವನ ಹೆಸರು ಹೇಳದೆ ಬೊಲೊತ್ ಎಂದು ಬರೆದಳು. ನಾವು ಮನೆಯವರು ಅವಳಿಗೆ ಆ ಪದ್ಧತಿ ಕಲಿಸಿದ್ದೆವು. ಮಾಂಬೆತ್‌ನ ಮಗಳು ಕಲ್ಬೂಬು ಮಾಂಬೆತ್ ಕಿಜಿ ಆ ಚೀಟಿಯನ್ನು ಸರಿಯಾಗಿ ಓದಿದಳು. ಅವಳು ತನ್ನ ಕೆಲಸವನ್ನು ಸರಿಯಾಗಿ ಮಾಡಿದಳು. ಅವಳ ಕಣ್ಣಿನಲ್ಲಿ ದೋಷವಿಲ್ಲ, ಆಗಲೂ ಇರಲಿಲ್ಲ. ನಾನು ಚೀಟಿಯನ್ನು ಸುಟ್ಟೆ. ನಾನು ಬುರ್ಮಾಕಾನಳ ಕೈಯಿಂದ ಪೆನ್ನು ಕಸಿದುಕೊಂಡು ಯಾರ ಹೆಸರೂ ಇಲ್ಲದ ಹೇಳಿಕೆ ಬರೆದೆ. ಅವಳು ಬೇಡವೆನ್ನುವಂತೆ ನನ್ನನ್ನು ನೋಡಿದಳು, ನಾನು ಸಹಿ ಹಾಕಿಸಿದೆ. ಆ ಹೇಳಿಕೆಯಿಂದ ನಾನು ಕಲ್ಬೂಬುವಿನ ಕೆಲಸವನ್ನೂ ಇಪ್ಪತ್ತು ವರ್ಷವನ್ನೂ ಕಿತ್ತುಕೊಂಡೆ.

ಇದನ್ನು ಹೇಳಲು ತಡವಾಯಿತು.

ಸುಯುನ್‌ಬೆಕ್ ತೆಮಿರಾಲಿ ಉಲು

*

ಬಿಷ್ಕೆಕ್
10 ಮೇ 2019

ಅತಾ,

ಲಿರಾ ಗಟ್ಟಿಯಾಗಿ ಓದಿದಳು. ಕಲ್ಬೂಬು ಎಜೆಯೂ ಬಂದಿದ್ದಳು, ಐದನೆಯ ಕುರ್ಚಿ ಹಾಕಿದ್ದೆವು. ಹಸಿರು ಪೆನ್ನು ಅವಳ ಕೈಗೇ ಕೊಟ್ಟೆವು. ಅವಳು ಒಂದೇ ಒಂದು ಗೆರೆ ಎಳೆದಳು, ಕೊನೆಯ ವಾಕ್ಯಕ್ಕೆ. "ಇದನ್ನ ಮಾಡ್ದೋರು ಯಾರು ಅಂತ ಕೇಳು ನಿಮ್ಮಪ್ಪನ್ನ," ಎಂದಳು.

ಪ್ರತಿ ಇದರ ಜೊತೆಗಿದೆ. ಸೋಮವಾರ ಒಪ್ಪಿಸಬೇಕು.

ನಿಮ್ಮ ಜಿಪಾರ್

*

ತಾಶ್-ಕೆಚೂ
11 ಮೇ 2019

ಜಿಪಾರ್,

ಜೊಲ್ದೋಶ್ ಇಂಜಿನ್ ಆರಿಸಿ ಬಾಗಿಲಲ್ಲಿ ಕಾಯುತ್ತಿದ್ದಾನೆ. ಕೊನೆಯ ಸಾಲನ್ನು ಹೊಡೆದುಹಾಕಿ ಹೀಗೆ ಬರೆದಿದ್ದೇನೆ, ಕಲ್ಬೂಬುಗೆ ಓದಲು ಕೊಡು:

ತಡಮಾಡಿದವನು ನಾನು.

ಸುಯುನ್‌ಬೆಕ್